ನನ್ನ ಕೈಗೆ ಮಾತ್ರ ಸಿಗುವ ಸುತ್ತಿಗೆ

ನನ್ನ ಬಲಗೈ ಈಗ ಎದೆಯ ಮಟ್ಟದವರೆಗೆ ಮಾತ್ರ ನನ್ನದು. ಅದರಿಂದ ಮೇಲಿನದೆಲ್ಲ ಡಾಕ್ಟರದು.

ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅಂಗಿ ಹಾಕಿಕೊಳ್ಳಲು ಕೈ ಎತ್ತಿದೆ. ಅರ್ಧಕ್ಕೆ ನಿಂತಿತು. ಜಂಗು ಹಿಡಿದ, ತುಕ್ಕು ತಿಂದ ಬೋಲ್ಟಿನ ಹಾಗೆ. (ಜಂಗು ಹಿಡಿದ ಬೋಲ್ಟುಗಳನ್ನು ಐವತ್ತು ವರ್ಷ ಬಿಚ್ಚಿದವನು ನಾನು. ಆದರೆ ಭುಜಕ್ಕೆ ಸೀಮೆಎಣ್ಣೆ ಬಿಟ್ಟು, ಅರ್ಧ ತಾಸು ಕಾದು, ಮೆಲ್ಲಗೆ ಬಡಿಯಲು ಬರುವುದಿಲ್ಲವಲ್ಲ?) ಡಾಕ್ಟರು ಕೈ ತಿರುಗಿಸಿ ನೋಡಿ, "ಫ್ರೋಜನ್ ಶೋಲ್ಡರ್ ರೀ. ಆರು ತಿಂಗಳು ತಾಳ್ಮಿ ಬೇಕು. ತಲಿ ಮ್ಯಾಲೆ ಕೈ ಒಯ್ಯಬ್ಯಾಡ್ರಿ" ಅಂದರು. ರಾಯಚೂರಿನ ಬಿಸಿಲಿನಲ್ಲಿ ಎಪ್ಪತ್ತೊಂದು ವರ್ಷ ಬೆಂದವನ ಮೈಯಲ್ಲಿ ಏನಾದರೂ ಫ್ರೀಜ್ ಆಗುವುದುಂಟೇ ಎಂದು ಕೇಳಿದೆ. ಅವರು ನಗಲಿಲ್ಲ. ವ್ಯಾಯಾಮದ ಚೀಟಿ ಬರೆದುಕೊಟ್ಟರು.

ವಿಷಯ ಬರೀ ಭುಜದ್ದಾಗಿದ್ದರೆ ನಿಮ್ಮ ತಲೆ ತಿನ್ನುತ್ತಿರಲಿಲ್ಲ. ಇವತ್ತು ಬರೆಯುತ್ತಿರುವುದು ತಪ್ಪೊಪ್ಪಿಗೆ. ಹೋದ ವರ್ಷ ಪತ್ರಿಕೆಯ ಇದೇ ಜಾಗದಲ್ಲಿ, ಮನೆಯಲ್ಲಿ ಹತ್ಯಾರಗಳನ್ನು ಹೇಗೆ ಇಟ್ಟುಕೊಳ್ಳಬೇಕು ಎಂದು ಉಪದೇಶ ಮಾಡಿದ್ದೆ. ಬೋಲ್ಟು ತಿರುಗಿಸುವ ಪಾನಾ ಎಲ್ಲಿ, ಹಿಡಿದೆಳೆಯುವ ಪಕ್ಕಡ್ ಎಲ್ಲಿ, ಸುತ್ತಿಗೆ ಎಲ್ಲಿ, ಎಲ್ಲಕ್ಕೂ ಒಂದು ಜಾಗ, ಎಲ್ಲವೂ ಕಣ್ಣಿನ ಮಟ್ಟದಲ್ಲಿ, ಎಲ್ಲವೂ ಕೈಗೆ ಸಿಗುವಂತೆ. ನೀವು ಮೆಚ್ಚಿದಿರಿ. ಕಲ್ಲೂರಿನ ಓದುಗರೊಬ್ಬರು ನಾನು ಹೇಳಿದ ಅಳತೆಯಲ್ಲೇ ಹಲಗೆ ಹೊಡೆಸಿ ಫೋಟೋ ಕಳಿಸಿದರು. ಅದನ್ನು ನಾನು ಇಪ್ಪತ್ತು ಜನರಿಗೆ ಫಾರ್ವರ್ಡ್ ಮಾಡಿದೆ.

ಆ ಅಂಕಣವನ್ನು ಇವತ್ತು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಕಲ್ಲೂರಿನವರೇ, ಹಲಗೆಯ ಮೊಳೆ ಸಡಿಲಿಸುವುದಕ್ಕೆ ಮುಂಚೆ ಪೂರ್ತಿ ಓದಿ.

ಹೊಸ ಓದುಗರಿಗಾಗಿ ಎರಡು ಮಾತು. ನಾನು ಮಾನ್ವಿಯ ಒಂದು ರೈಸ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವನು. ಓದಿದ್ದು ಮೆಟ್ರಿಕ್. ಮನೆ ರಾಯಚೂರಿನಲ್ಲಿ. ಭತ್ತದ ಸೀಜನ್ನಿನಲ್ಲಿ ವಾರವಿಡೀ ಮಿಲ್ಲಿನಲ್ಲೇ ಇದ್ದು ಭಾನುವಾರ ಮನೆಗೆ ಬರುತ್ತಿದ್ದೆ. ಮನೆಯ ಹಿಂದೆ ತಗಡಿನ ಶೆಡ್ಡಿದೆ. ಶೆಡ್ಡಿನ ಗೋಡೆಗೆ ಒಂದು ಹಲಗೆ. ಹಲಗೆಯ ತುಂಬ ಹತ್ಯಾರಗಳು, ಪ್ರತಿಯೊಂದರ ಸುತ್ತ ಬಿಳಿ ಪೇಂಟಿನಲ್ಲಿ ಅದರದೇ ಆಕಾರದ ಗೆರೆ.

ಆ ಗೆರೆಯನ್ನು ನಾನು ಕಲಿತದ್ದು ಮಿಲ್ಲಿನಲ್ಲಿ. ಅಲ್ಲಿ ಪಾಳಿ ಬದಲಾಗುವಾಗ ಹಲಗೆ ನೋಡದೆ ಯಂತ್ರ ಚಾಲೂ ಮಾಡುವಂತಿರಲಿಲ್ಲ. ಒಂದು ಗೆರೆ ಖಾಲಿ ಇದೆ ಅಂದರೆ ಒಂದು ಪಾನಾ ಯಂತ್ರದ ಹೊಟ್ಟೆಯಲ್ಲಿದೆ ಎಂದರ್ಥ. ಬಟನ್ ಒತ್ತಿದರೆ ಅಕ್ಕಿಯ ಜೊತೆ ಕಬ್ಬಿಣವೂ ಪಾಲಿಶ್ ಆಗುತ್ತದೆ. ಹಾಗಾಗಿ ಖಾಲಿ ಗೆರೆ ಕಂಡರೆ ನನ್ನ ಎದೆ ಧಸಕ್ ಅನ್ನುತ್ತಿತ್ತು. ಮಿಲ್ಲಿನಲ್ಲಿ ಆ ಭಯಕ್ಕೆ ಅರ್ಥವಿತ್ತು. ಮನೆಯಲ್ಲಿ ಯಾವ ಯಂತ್ರವಿತ್ತು? ಒಂದು ಮಿಕ್ಸಿ.

ಈಗ ತಪ್ಪಿನ ಮೊದಲ ಕಂತು. ಹಲಗೆಯನ್ನು ನಾನು ಕಣ್ಣಿನ ಮಟ್ಟಕ್ಕೆ ಹೊಡೆದೆ ಎಂದು ಬರೆದಿದ್ದೆ. ಯಾರ ಕಣ್ಣು? ನನ್ನದು. ನಾನು ಆರಡಿಗೆ ಒಂದಿಂಚು ಕಡಿಮೆ. ನನ್ನ ಹೆಂಡತಿ ಅಂಬಮ್ಮ ಐದಡಿಗೆ ಎರಡಿಂಚು ಕಡಿಮೆ.

ಇಷ್ಟೇ ಆಗಿದ್ದರೆ ಮರೆವು ಅನ್ನಬಹುದಿತ್ತು. ಮರೆವಲ್ಲ. ಮದುವೆಯಾದ ಹೊಸತರಲ್ಲಿ ಅಂಬಮ್ಮ ನನ್ನ ಸ್ಕ್ರೂಡ್ರೈವರಿನಿಂದ ಅರಿಶಿನದ ಡಬ್ಬಿಯ ಮುಚ್ಚಳ ಎಬ್ಬಿಸಿದಳು. ತುದಿ ಸೊಟ್ಟಗಾಯಿತು, ಹಿಡಿಕೆ ಹಳದಿಯಾಯಿತು. ಆ ಭಾನುವಾರವೇ ನಾನು ಹಲಗೆಯನ್ನು ಬಿಚ್ಚಿ ಒಂದು ಗೇಣು ಮೇಲಕ್ಕೆ ಹೊಡೆದೆ. ಹೆಚ್ಚು ಬೇಕಾಗುವ ಸುತ್ತಿಗೆ, ಪಕ್ಕಡ್, ಸ್ಕ್ರೂಡ್ರೈವರುಗಳೆಲ್ಲ ಮೇಲಿನ ಸಾಲಿಗೆ. ಅವಳ ಕೈಗೆ ಸಿಗುವ ಕೆಳಸಾಲಿಗೆ ಒಂದು ಮೊಂಡ ಅರ, ಒಂದು ಖಾಲಿ ವಾರ್ನಿಶ್ ಡಬ್ಬಿ. "ನಿನ್ನ ಹತ್ಯಾರ ಅಡಗಿಮನ್ಯಾಗ ಅದಾವು, ನನ್ನವು ಇಲ್ಲಿ ಅದಾವು. ನಾ ನಿನ್ನ ಲಟ್ಟಣಿಗಿ ಮುಟ್ಟಂಗಿಲ್ಲ, ನೀ ನನ್ನ ಪಾನಾ ಮುಟ್ಟಬ್ಯಾಡ" ಅಂದೆ. ಎಂಥ ನ್ಯಾಯವಂತ ನೋಡಿ! (ಲಟ್ಟಣಿಗೆ ಮುಟ್ಟದಿರುವುದು ನನಗೆ ತ್ಯಾಗವೇನೂ ಆಗಿರಲಿಲ್ಲ.)

ಅಂದಿನಿಂದ ಅವಳು ಮೊಳೆ ಹೊಡೆಯುವುದು ಕುಟ್ಟುವ ಕಲ್ಲಿನಿಂದ.

ನಾನಂತೂ ಬಂದವರಿಗೆಲ್ಲ ಹಲಗೆ ತೋರಿಸುತ್ತಿದ್ದೆ. ಚಹಾಕ್ಕಿಂತ ಮೊದಲು ಹಲಗೆ. ಮಗಳು ಉಮಾಳನ್ನು ನೋಡಲು ದೇವದುರ್ಗದಿಂದ ಬೀಗರು ಬಂದಾಗಲೂ ಶೆಡ್ಡಿಗೆ ಕರೆದೊಯ್ದು, "ನಾ ಊರಾಗ ಇಲ್ಲದಾಗ ಸೈತ ಒಂದು ಪಾನಾ ಅಲುಗಂಗಿಲ್ಲ ನೋಡ್ರಿ. ಇಷ್ಟು ವರ್ಷದಾಗ ಒಂದ ಸಲಾನೂ ಗೆರಿ ಖಾಲಿ ಇದ್ದಿದ್ದು ಕಂಡಿಲ್ಲ" ಅಂದೆ. ಬಾಗಿಲ ಹಿಂದೆ ನಿಂತಿದ್ದ ಉಮಾ ನಕ್ಕಳು. ಅಪ್ಪನ ಶಿಸ್ತು ಕಂಡು ಹೆಮ್ಮೆಯಿಂದ ನಕ್ಕಳು ಎಂದುಕೊಂಡೆ.

ಈಗ ಈ ವರ್ಷಕ್ಕೆ ಬನ್ನಿ. ಮಹಾನವಮಿ ಬಂತು. ನಮ್ಮಲ್ಲಿ ಆಯುಧ ಪೂಜೆಗೆ ಹತ್ಯಾರಗಳೆಲ್ಲ ಕೆಳಗಿಳಿಯಬೇಕು. ಒರೆಸಿ, ಎಣ್ಣೆ ಹಚ್ಚಿ, ವಿಭೂತಿ ಎಳೆದು, ಕುಂಕುಮ ಇಟ್ಟು, ಕಾಯಿ ಒಡೆದು, ಮರುದಿನ ಮತ್ತೆ ಅವರವರ ಗೆರೆಗೆ ಹತ್ತಬೇಕು. ಐವತ್ತು ವರ್ಷದಿಂದ ತಪ್ಪಿಲ್ಲ. ಈ ಸಲ ನಾನು ಹಲಗೆಯ ಮುಂದೆ ನಿಂತೆ. ಕೈ ಎತ್ತಿದೆ. ನನ್ನ ಬೆರಳು ತಲುಪಿದ್ದು ಎಲ್ಲಿಗೆ ಗೊತ್ತೇ? ಮೊಂಡ ಅರ ಮತ್ತು ವಾರ್ನಿಶ್ ಡಬ್ಬಿಗೆ.

ಎಡಗೈ ಇದೆಯಲ್ಲ ಅನ್ನುತ್ತೀರಿ. ನಾನೂ ಹಾಗೇ ಅಂದುಕೊಂಡೆ. ಎಡಗೈಯಿಂದ ಹದಿನಾಲ್ಕರ ಪಾನಾ ತೆಗೆದೆ. ಅದು ಎಡಗಾಲಿನ ಹೆಬ್ಬೆರಳನ್ನು ಆರಿಸಿಕೊಂಡು ಅದರ ಮೇಲೆಯೇ ಬಿತ್ತು. ಬುದ್ಧಿ ಬಂತೇ? ಇಲ್ಲ. ಬೇವಿನ ಸೊಪ್ಪು ಇಳಿಸುವ ಕೊಕ್ಕೆ ಕೋಲು ತಂದೆ. ಪೈಪ್ ಪಾನಾದ ಕೊರಳಿಗೆ ಕೊಕ್ಕೆ ಸಿಗಿಸಿ ಎಳೆದೆ. ಪೈಪ್ ಪಾನಾ ಬಂತು. ಜೊತೆಗೆ ಗರಗಸ ಬಂತು, ಎರಡು ಉಳಿ ಬಂದವು, ಎಲ್ಲ ಸೇರಿ ಕೆಳಗಿದ್ದ ಪ್ಲಾಸ್ಟಿಕ್ ಡ್ರಮ್ಮಿನ ಮುಚ್ಚಳ ಸೀಳಿಕೊಂಡು ನೀರಿಗಿಳಿದವು.

ಸದ್ದಿಗೆ ಅಂಬಮ್ಮ ಬಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಡ್ರಮ್ಮಿನೊಳಗೆ ಇಣುಕಿ ನೋಡಿದಳು. "ಜಳಕ ಮಾಡಸಾಕತ್ತೀರೇನು?" ಅಂದಳು.

"ನಗಬ್ಯಾಡ. ಸ್ಟೂಲ್ ತಂದೀನಿ, ನನ್ನ ಕಾಲು ಬಾತೇದ, ನೀ ಹತ್ತು. ಒಂದೊಂದಾ ತಗದು ಕೊಡು" ಅಂದೆ.

"ನಾ ಹತ್ತಂಗಿಲ್ರಿ."

"ಯಾಕ?"

"ಹತ್ತಂಗಿಲ್ಲ ಅಂದ್ರ ಹತ್ತಂಗಿಲ್ಲ." ಹೋಗಿಯೇ ಬಿಟ್ಟಳು.

ನನಗೆ ಸಿಟ್ಟು ಬಂತು. ದಿನಕ್ಕೆರಡು ಸಲ ಮಾಳಿಗೆಯ ಮೆಟ್ಟಿಲು ಹತ್ತಿ ಬಟ್ಟೆ ಒಣಗಿಸುವವಳಿಗೆ ಎರಡಡಿಯ ಸ್ಟೂಲು ಹಿಮಾಲಯವೇ? ಆಮೇಲೆ ನೆನಪಾಯಿತು. ಮೂವತ್ತೈದು ವರ್ಷದ ಹಿಂದೆ, ನಾನು ಮಾನ್ವಿಯಲ್ಲಿದ್ದಾಗ, ಅವಳು ಉಪ್ಪಿನಕಾಯಿ ಭರಣಿ ಇಳಿಸಲು ಸ್ಟೂಲು ಹತ್ತಿ ಬಿದ್ದಿದ್ದಳು. ಎಡಗೈ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿತು, ನೆಟ್ಟಗೆ ಕೂಡಲಿಲ್ಲ. ಇವತ್ತಿಗೂ ರೊಟ್ಟಿ ಬಡಿಯುವುದು ಬಲಗೈ ಒಂದರಲ್ಲೇ, ಎಡಗೈ ಸುಮ್ಮನೆ ಬೀಸುಕಲ್ಲು ತಿರುಗಿಸಿದಂತೆ ರೊಟ್ಟಿ ತಿರುಗಿಸುತ್ತದೆ.

ಆ ಭಾನುವಾರ ಮನೆಗೆ ಬಂದ ನಾನು ಏನು ಮಾಡಿದೆ ಎನ್ನುವುದನ್ನೂ ಬರೆದುಬಿಡುತ್ತೇನೆ. ಮೊದಲು ಶೆಡ್ಡಿಗೆ ಹೋಗಿ ಹಲಗೆ ನೋಡಿದೆ. ತುಂಬಿತ್ತು. ಆಮೇಲೆ ಅವಳ ಕೈ ನೋಡಿದೆ. ಆಮೇಲೆ ಭಾಷಣ ಮಾಡಿದೆ. "ಭರಣಿ ಅಷ್ಟು ಎತ್ತರ ಯಾಕ ಇಡಬೇಕಿತ್ತು? ದಿನಾ ಬೇಕಾಗೋ ಸಾಮಾನು ಕೈಗೆ ಸಿಗೋ ಹಂಗ ಇಡಬೇಕು ಅನ್ನೋದು ಗೊತ್ತಾಗಂಗಿಲ್ಲೇನು? ನನ್ನ ಹಲಗಿ ನೋಡಿ ಕಲಿ!" ಅಷ್ಟಕ್ಕೇ ನಿಲ್ಲಲಿಲ್ಲ. ಅಡುಗೆಮನೆಯಲ್ಲಿ ಭರಣಿಗಾಗಿ ಒಂದಡಿ ಎತ್ತರದ ಕಟ್ಟಿಗೆಯ ಶೆಲ್ಫು ಮಾಡಿಕೊಟ್ಟೆ. ಎಂಥ ಗಂಡ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. (ಆಗ ಕೈ ಬೆನ್ನಿಗೆ ಹೋಗುತ್ತಿತ್ತು.)

ಹಬ್ಬಕ್ಕೆ ಉಮಾ ದೇವದುರ್ಗದಿಂದ ಬಂದಳು. ಅವಳದು ನನ್ನ ಎತ್ತರ. ಸ್ಟೂಲು ಬೇಕಾಗಲಿಲ್ಲ. ಹತ್ಯಾರಗಳನ್ನು ಸರಸರ ಇಳಿಸಿದಳು. ಅಪ್ಪ, ಮಗಳು ಶೆಡ್ಡಿನಲ್ಲಿ ಗೋಣಿತಟ್ಟು ಹಾಸಿ ಕುಳಿತು ಒಂದೊಂದಕ್ಕೂ ಎಣ್ಣೆ ಹಚ್ಚತೊಡಗಿದೆವು. ನಾನು ಚಾಡಿ ಶುರು ಮಾಡಿದೆ.

"ನಿಮ್ಮವ್ವಗ ಹಟ ಬಾಳ ಆಗೇದ. ಸ್ಟೂಲ್ ಹತ್ತಂಗಿಲ್ಲ ಅಂತಾಳ. ಎಂದೋ ಒಮ್ಮೆ ಉಪ್ಪಿನಕಾಯಿ ಭರಣಿ ಇಳಿಸಾಕ ಹೋಗಿ ಬಿದ್ದಿದ್ದು ಇನ್ನೂ ಮರತಿಲ್ಲ."

ಉಮಾಳ ಕೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ಇತ್ತು. ಒರೆಸುವುದನ್ನು ನಿಲ್ಲಿಸಿದಳು.

"ಯಪ್ಪಾ, ನಮ್ಮನ್ಯಾಗ ಉಪ್ಪಿನಕಾಯಿ ಭರಣಿ ಯಾವತ್ತರೆ ಮ್ಯಾಲೆ ಇತ್ತಾ?"

"ಇರಲಿಲ್ಲೇನು?"

"ಒಲಿ ಪಕ್ಕದಾಗ ನೆಲದ ಮ್ಯಾಲೆ ಇರ್ತಿತ್ತು. ನೀನ ಅದಕ್ಕೊಂದು ಶೆಲ್ಫ್ ಮಾಡಿ ಒಂದಡಿ ಮ್ಯಾಲೆ ಏರಿಸಿದಿ."

ಅಡುಗೆಮನೆಯ ಒಳಗೆ ಒಂದು ದಿನವೂ ಸರಿಯಾಗಿ ನಿಲ್ಲದವನಿಗೆ ಭರಣಿ ನೆಲದ ಮೇಲಿತ್ತೋ ಆಕಾಶದಲ್ಲಿತ್ತೋ ಹೇಗೆ ಗೊತ್ತಾಗಬೇಕು?

"ಹಂಗಾರ ನಿಮ್ಮವ್ವ ಬಿದ್ದಿದ್ದು ಯಾಕ?" ಅಂದೆ.

ಉಮಾ ಹೇಳಿದಳು. ಆಗ ಅವಳಿಗೆ ಆರು ವರ್ಷ. ಹಿತ್ತಲಿನ ಬಚ್ಚಲಿಗೆ ಹೋಗಿ ಆಟಕ್ಕೆ ಒಳಗಿನಿಂದ ಚಿಲಕ ಹಾಕಿಕೊಂಡಳು. ಚಿಲಕ ಸಿಕ್ಕಿಕೊಂಡಿತು. ಮಟಮಟ ಮಧ್ಯಾಹ್ನ. ತಗಡಿನ ಬಾಗಿಲು, ತಗಡಿನ ಸೂರು, ಒಳಗೆ ನೀರೊಲೆಯಲ್ಲಿ ಇನ್ನೂ ಕೆಂಡ. ಮಗು ಮೊದಲು ಕೂಗಿತು, ಆಮೇಲೆ ಕೂಗುವುದನ್ನು ನಿಲ್ಲಿಸಿತು. ಅಂಬಮ್ಮ ಬಾಗಿಲು ಗುದ್ದಿದಳು, ಓಣಿಯವರನ್ನು ಕರೆದಳು. ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಬಾಗಿಲ ಬಿಜಾಗರಿಯ ಸ್ಕ್ರೂಗಳು ಹೊರಗಡೆಯೇ ಇದ್ದವು. ಒಂದು ಸ್ಕ್ರೂಡ್ರೈವರ್ ಇದ್ದರೆ ಸಾಕು. ಸ್ಕ್ರೂಡ್ರೈವರ್ ಇತ್ತು. ಕಣ್ಣಿಗೆ ಕಾಣುತ್ತಿತ್ತು. ಏಳೂಕಾಲು ಅಡಿ ಮೇಲೆ, ಬಿಳಿ ಗೆರೆಯೊಳಗೆ.

ಸ್ಟೂಲು ಹತ್ತಿದರೂ ಕೈಗೆ ಸಿಗಲಿಲ್ಲ. (ಆಗ ನಮ್ಮಲ್ಲಿದ್ದದ್ದು ಒಂದಡಿಯ ಸ್ಟೂಲು. ಎರಡಡಿಯದು ಬಂದದ್ದು ಆಮೇಲೆ.) ಅದರ ಮೇಲೆ ಕೊಡ ಮಗುಚಿ ಇಟ್ಟು ಹತ್ತಿದಳು. ಸ್ಕ್ರೂಡ್ರೈವರ್ ಕೈಗೆ ಬಂತು, ಕೊಡ ಜಾರಿತು.

"ಬಿದ್ದಿದ್ದು ನಾ ನೋಡಿಲ್ಲ, ಸಪ್ಪಳ ಕೇಳೀನಿ" ಅಂದಳು ಉಮಾ. "ಆಮ್ಯಾಲೆ ಬಾಗಿಲದಾಗ ಕರ್ ಕರ್ ಅಂತ ಸ್ಕ್ರೂ ತಿರುಗೋ ಸಪ್ಪಳ. ಬಾಗಿಲು ಕಳಚಿತು. ಅವ್ವ ಒಂದ ಕೈಲೆ ನನ್ನ ಎತಗೊಂಡಳು. ಇನ್ನೊಂದು ಕೈ ಹಿಂಗ ಜೋತು ಬಿದ್ದಿತ್ತು."

ಅವಳು ಮುಗಿಸಿರಲಿಲ್ಲ.

"ನನಗ ನೀರು ಕುಡಿಸಿ, ಬಾಗಿಲ ಮತ್ತ ಕೂಡಿಸಿದಳು. ಆಮ್ಯಾಲೆ ಅದ ಸ್ಟೂಲ್, ಅದ ಕೊಡ ಇಟ್ಟು, ಇನ್ನೊಮ್ಮೆ ಹತ್ತಿದಳು, ಯಪ್ಪಾ."

"ಯಾಕ?"

"ಸ್ಕ್ರೂಡ್ರೈವರ್ ಗೆರಿಯೊಳಗ ಇಡಾಕ. 'ಅಪ್ಪಗ ಹೇಳಬ್ಯಾಡ, ಉಪ್ಪಿನಕಾಯಿ ಭರಣಿ ಅಂತ ಹೇಳು' ಅಂದಳು. ಇದಾದ ಮ್ಯಾಲೇ ದವಾಖಾನಿಗೆ ಹೋಗಿದ್ದು."

ಓದುಗರೇ, ನಾನು ಮೂವತ್ತೈದು ವರ್ಷ ಊರಿಗೆಲ್ಲ ತೋರಿಸಿದ ಆ ಹಲಗೆ, 'ಒಂದ ಸಲಾನೂ ಗೆರಿ ಖಾಲಿ ಇದ್ದಿದ್ದು ಕಂಡಿಲ್ಲ' ಎಂದು ಬೀಗರ ಮುಂದೆ ಎದೆ ಉಬ್ಬಿಸಿದ ಆ ಹಲಗೆ, ಯಾವುದರಿಂದ ತುಂಬಿತ್ತು ಎಂದು ಆಗ ಗೊತ್ತಾಯಿತು.

ಎದ್ದು ಅಡುಗೆಮನೆಗೆ ಹೋದೆ. ಅಂಬಮ್ಮ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು.

"ನನಗ್ಯಾಕ ಹೇಳಲಿಲ್ಲ?" ಅಂದೆ.

ಅವಳಿಗೆ ಏನು ಎಂದು ಕೇಳುವ ಅಗತ್ಯ ಬೀಳಲಿಲ್ಲ. ಶೆಡ್ಡಿಗೂ ಅಡುಗೆಮನೆಗೂ ನಡುವೆ ಇರುವುದು ಒಂದು ಕಿಟಕಿ. "ಹೇಳಿದ್ರ ಏನಂತಿದ್ರಿ ನೀವು?" ಅಂದಳು.

ಅವಳೇ ಉತ್ತರ ಕೊಟ್ಟಳು. "ಮುಟ್ಟಬ್ಯಾಡ ಅಂದಿದ್ದೆನಲ್ಲ ಅಂತಿದ್ರಿ. ಹಲಗಿ ಇನ್ನೊಂದು ಗೇಣು ಮ್ಯಾಲೆ ಏರಸ್ತಿದ್ರಿ."

ಸುಳ್ಳೇ? ಒಂದಕ್ಷರವೂ ಅಲ್ಲ.

"ಮುರದ ಕೈಲೆ ಮತ್ತ ಹತ್ತಿ ಇಡೋದೇನಿತ್ತು?"

"ಗೆರಿ ಖಾಲಿ ಇದ್ರ ನಿಮಗ ಊಟ ಸೇರಂಗಿಲ್ಲಲ್ರಿ" ಅಂದಳು. ವ್ಯಂಗ್ಯವಿರಲಿಲ್ಲ. ಸಾರಿಗೆ ಉಪ್ಪು ಹಾಕಿದೆ ಅನ್ನುವ ಧ್ವನಿ. ಅದು ಇನ್ನೂ ಹೆಚ್ಚು ಚುಚ್ಚಿತು.

ಪೂಜೆ ಆಯಿತು. ಸ್ಕ್ರೂಡ್ರೈವರಿಗೆ ವಿಭೂತಿ ಎಳೆಯುವಾಗ ಅದರ ಮುಖ ನೋಡಲು ನನಗೆ ನಾಚಿಕೆಯಾಯಿತು.

ಮರುದಿನ ವಿಜಯದಶಮಿ. ನಮ್ಮ ಕಡೆ ಬನ್ನಿ ಎಲೆ ಕೊಟ್ಟು "ಬಂಗಾರದಂಗ ಇರೋಣ" ಅನ್ನುವ ದಿನ. ವರ್ಷದ ಜಗಳವೆಲ್ಲ ಅಂದು ಮಾಫಿ. ಚಿಕ್ಕವರು ದೊಡ್ಡವರಿಗೆ ಕೊಟ್ಟು ಕಾಲಿಗೆ ಬೀಳುವುದು ಪದ್ಧತಿ. ಪ್ರತಿವರ್ಷ ಅಂಬಮ್ಮ ನನಗೆ ಕೊಡುತ್ತಾಳೆ, ನಾನು ದೊಡ್ಡ ಸಾಹೇಬನ ಹಾಗೆ ಕುರ್ಚಿಯಲ್ಲಿ ಕುಳಿತು ತೆಗೆದುಕೊಳ್ಳುತ್ತೇನೆ. ಈ ಸಲ ನಾನೇ ಮೊದಲು ಎದ್ದು ಹೋಗಿ ಅವಳ ಕೈಯಲ್ಲಿ ಬನ್ನಿ ಇಟ್ಟೆ. ಬಗ್ಗತೊಡಗಿದೆ.

"ಏನ್ರಿ ಇದು! ಜ್ವರ ಗಿರ ಬಂದಾವೇನು?" ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ತಪ್ಪಾತು" ಅಂದೆ.

"ಯಾವುದಕ್ಕ?"

"ಎಲ್ಲಾದಕ್ಕ."

"ಎಲ್ಲಾ ಅಂದ್ರ ನಡಿಯಂಗಿಲ್ಲ. ನೀವ ಅಲ್ಲೇನು, ಎಲ್ಲಾದಕ್ಕೂ ಒಂದು ಜಾಗ ಇರಬೇಕು ಅನ್ನೋರು? ಒಂದೊಂದಾ ಹೇಳ್ರಿ" ಅಂದಳು. ಉಮಾ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೋಡಿದಳು.

ನಾನು ಒಂದೊಂದಾಗಿ ಹೇಳಿದೆ. ಗೇಣು ಏರಿಸಿದ್ದು. ಭಾಷಣ ಮಾಡಿದ್ದು. ಕೈಗಿಂತ ಮೊದಲು ಹಲಗೆ ನೋಡಿದ್ದು. ಶೆಲ್ಫು. ಅವಳು ಪೂರ್ತಿ ಕೇಳಿಸಿಕೊಂಡಳು. "ಆತು, ಊಟಕ್ಕ ಏಳ್ರಿ" ಅಂದಳು. ಕ್ಷಮಿಸಿದೆ ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ.

ಮಧ್ಯಾಹ್ನ ಖಾಜಾ ಭಾಯಿಗೆ ಫೋನ್ ಮಾಡಿದೆ. ಮಿಲ್ಲಿನಲ್ಲಿ ನನ್ನ ಜೊತೆ ಇಪ್ಪತ್ತೈದು ವರ್ಷ ಫಿಟ್ಟರ್ ಆಗಿದ್ದವನು, ಈಗ ಎರಡು ಓಣಿ ಆಚೆ ಇದ್ದಾನೆ. ಅವನ ಹತ್ಯಾರಗಳೆಲ್ಲ ಒಂದೇ ಗೋಣಿಚೀಲದಲ್ಲಿ. ಏನಾದರೂ ಬೇಕಾದರೆ ಚೀಲವನ್ನು ನೆಲಕ್ಕೆ ಸುರಿಯುತ್ತಾನೆ. ಅದನ್ನು ನೋಡಿ ಜೀವನಪೂರ್ತಿ ನಕ್ಕವನು ನಾನು. ಬಂದು, ಹಲಗೆ ಕೆಳಗಿಳಿಸಬೇಕು ಎಂದು ಕೇಳಿ, ಸೊಂಟದ ಮೇಲೆ ಕೈ ಇಟ್ಟುಕೊಂಡ.

"ಅರೆ ಯಾರ್, ಇಷ್ಟು ವರ್ಷ ಮಿನಾರ ಕಟ್ಟಿದಂಗ ಕಟ್ಟಿದ್ದಿ. ಈಗ ಯಾಕ?"

ಕತೆ ಹೇಳಿದೆ. ಅವನು ನಗಲಿಲ್ಲ. "ನನ್ನ ಚೀಲಕ್ಕ ನೀ ಬಾಳ ನಕ್ಕೀದಿ" ಅಂದ. "ಆದ್ರ ಒಂದು ಮಾತು ತಿಳ್ಕೊ. ನನ್ನ ಚೀಲ ನೆಲದ ಮ್ಯಾಲೆ ಇರ್ತದ. ನೆಲ ಎಲ್ಲಾರಿಗೂ ಸಿಗ್ತದ. ನನ್ನ ಬೀಬಿ ನನಗಿಂತ ಚಂದ ಪಂಖಾ ಬಿಚ್ಚತಾಳ, ಗೊತ್ತದ ಏನು?"

ಅಂಬಮ್ಮನನ್ನು ಕರೆದು ಗೋಡೆಗೆ ನಿಲ್ಲಿಸಿ, "ಕೈ ಎತ್ತು" ಅಂದೆ. ಬಲಗೈ ಎತ್ತಿದಳು. "ಅದಲ್ಲ, ಎಡಗೈ" ಅಂದೆ. ಎಡಗೈ ಎಲ್ಲಿಯವರೆಗೆ ಹೋಯಿತೋ ಅಲ್ಲಿ ಬಳಪದಿಂದ ಗೆರೆ ಎಳೆದೆ. ಅದೇ ಮೇಲಿನ ಸಾಲು. ಖಾಜಾ ಭಾಯಿ ಬೋಲ್ಟು ಬಿಗಿದ. ಹತ್ಯಾರಗಳು ತಮ್ಮ ತಮ್ಮ ಗೆರೆಗಳಲ್ಲಿ ಕುಳಿತವು. ಅಂಬಮ್ಮ ನೋಡಿದಳು. "ಚೊಲೊ ಕಾಣ್ತದ" ಅಂದು ಒಳಗೆ ಹೋದಳು.

ಕತೆ ಇಲ್ಲಿ ಮುಗಿಯಿತು ಅನ್ನುತ್ತೀರಾ? ನಾನೂ ಹಾಗೇ ತಿಳಿದಿದ್ದೆ.

ಮರುದಿನ ಬೆಳಿಗ್ಗೆ ಎದ್ದು ಶೆಡ್ಡಿಗೆ ಹೋದೆ. ಹಲಗೆ ತುಂಬಿತ್ತು. ಅದರ ಮರುದಿನ ಹೋದೆ. ತುಂಬಿತ್ತು. ಮೂರನೇ ದಿನ ಅಡುಗೆಮನೆಯಿಂದ ಠಕ್ ಠಕ್ ಸದ್ದು ಬಂತು. ಓಡಿಹೋಗಿ ನೋಡಿದರೆ ಅಂಬಮ್ಮ ಕ್ಯಾಲೆಂಡರಿನ ಮೊಳೆಯನ್ನು ಕುಟ್ಟುವ ಕಲ್ಲಿನಿಂದಲೇ ಹೊಡೆಯುತ್ತಿದ್ದಳು. ಸುತ್ತಿಗೆ ಹತ್ತು ಹೆಜ್ಜೆ ದೂರದಲ್ಲಿ, ಅವಳ ಕೈಗೆ ಸಿಗುವ ಮಟ್ಟದಲ್ಲಿ, ನನ್ನ ಹಾಗೆಯೇ ಕಾಯುತ್ತ ತೂಗುತ್ತಿತ್ತು.

ನನ್ನ ಅವಸ್ಥೆ ನೋಡಿ. ಜೀವಮಾನವಿಡೀ ಒಂದು ಗೆರೆಯೂ ಖಾಲಿಯಾಗಬಾರದು ಎಂದು ಹಲಗೆ ನೋಡಿದವನು, ಈಗ ಒಂದಾದರೂ ಖಾಲಿಯಾಗಿರಲಿ ದೇವರೇ ಎಂದು ನೋಡುತ್ತಿದ್ದೆ. ಅವಳು ಮುಟ್ಟಿದರೆ ತಾನೇ ನನ್ನ ತಪ್ಪು ಮಾಫಿಯಾದಂತೆ?

ಒಂದು ಉಪಾಯ ಮಾಡಿದೆ. (ಹೇಳಲು ನಾಚಿಕೆ. ಆದರೆ ಇವತ್ತು ನಾಚಿಕೆಗೆ ರಜೆ.) ಅವಳು ತರಕಾರಿಗೆ ಹೋದಾಗ ಅಡುಗೆಮನೆಯ ಕಪಾಟಿನ ಹಿಡಿಕೆಯ ಸ್ಕ್ರೂ ಎರಡು ಸುತ್ತು ಸಡಿಲಿಸಿದೆ. ಐವತ್ತು ವರ್ಷ ಸ್ಕ್ರೂ ಬಿಗಿದು ಬದುಕಿದ ಮನುಷ್ಯ, ತನ್ನ ಮನೆಯ ಸ್ಕ್ರೂವನ್ನೇ ಕದ್ದು ಸಡಿಲಿಸಿದ! ಬಾಗಿಲ ಮರೆಯಲ್ಲಿ ನಿಂತು ಕಾದೆ. ಅವಳು ಬಂದಳು. ಹಿಡಿಕೆ ಅಲುಗಿತು. ಕೈ ಚಾಚಿ ಈಳಿಗೆಯ ಪಕ್ಕದಲ್ಲಿದ್ದ ಚಾಕು ತೆಗೆದುಕೊಂಡಳು. ತುದಿಯನ್ನು ಸ್ಕ್ರೂವಿಗೆ ಕೊಟ್ಟು ಎರಡು ಸುತ್ತು ತಿರುಗಿಸಿದಳು. ಚಾಕು ಸ್ವಸ್ಥಾನಕ್ಕೆ ಹೋಯಿತು. ಅರ್ಧ ನಿಮಿಷದ ಕೆಲಸ.

ಆಗ ಕಣ್ಣು ಬಿಟ್ಟು ಆ ಅಡುಗೆಮನೆ ನೋಡಿದೆ. ಚಾಕು ಅವಳ ಸ್ಕ್ರೂಡ್ರೈವರ್. ಕುಟ್ಟುವ ಕಲ್ಲು ಸುತ್ತಿಗೆ. ಪಾತ್ರೆ ಇಳಿಸುವ ಇಕ್ಕಳ ಪಕ್ಕಡ್. ಸೊಟ್ಟ ಸೌಟಿನ ಹಿಡಿಕೆ ಮೀಟುಗೋಲು. ಎಲ್ಲ ಒಂದು ತೋಳಿನ ಅಂತರದಲ್ಲಿ, ಕಣ್ಣು ಮುಚ್ಚಿದರೂ ಸಿಗುವಂತೆ. ಒಂದಕ್ಕೂ ಗೆರೆ ಇಲ್ಲ. ಇಡೀ ರಾಯಚೂರಿನಲ್ಲಿ ಅತ್ಯುತ್ತಮವಾಗಿ ಜೋಡಿಸಿದ ವರ್ಕ್‌ಶಾಪ್ ನನ್ನ ಮನೆಯಲ್ಲೇ ಇತ್ತು. ನಾನು ತಪ್ಪು ಕೋಣೆಯ ಬಗ್ಗೆ ಅಂಕಣ ಬರೆದಿದ್ದೆ, ಅಷ್ಟೆ. ನನ್ನ ಹಲಗೆ ಅವಳಿಗೆ ಯಾಕೆ ಬೇಕು?

ಮೊನ್ನೆ ಬೆಳಿಗ್ಗೆ ಹಲಗೆ ನೋಡಲು ಹೋಗಲಿಲ್ಲ. ಆಸೆ ಬಿಟ್ಟಿದ್ದೆ. ಅಂಗಳದಲ್ಲಿ ಕುಳಿತು ಡಾಕ್ಟರ ಚೀಟಿಯ ಪ್ರಕಾರ ಗೋಡೆಯ ಮೇಲೆ ಬೆರಳು ಹತ್ತಿಸುತ್ತಿದ್ದೆ. ಮಲಗುವ ಕೋಣೆಯಿಂದ ಠಣ್ ಅಂತ ಸದ್ದು ಬಂತು. ಇನ್ನೊಮ್ಮೆ ಠಣ್. ಅದು ಕಲ್ಲಿನ ಸದ್ದಲ್ಲ. ಐವತ್ತು ವರ್ಷ ಕೇಳಿದ ಸದ್ದು ನನಗೆ ಗೊತ್ತಾಗುವುದಿಲ್ಲವೇ?

ಒಳಗೆ ಹೋದೆ. ಅಂಬಮ್ಮ ನನ್ನ ಸುತ್ತಿಗೆ ಹಿಡಿದು ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ಎರಡು ಮೊಳೆ ಆಗಲೇ ಹೊಡೆದಾಗಿತ್ತು. ಮೂರನೆಯದು ನಡೆದಿತ್ತು. ಎಲ್ಲ ಸ್ವಲ್ಪ ಎಡಕ್ಕೆ ವಾಲಿದ್ದವು.

"ಇಷ್ಟು ಕೆಳಗ ಯಾಕ ಹೊಡ್ಯಾಕತ್ತಿ? ಯಾವುದಕ್ಕ ಇದು?" ಅಂದೆ.

"ನಿಮ್ಮ ಅಂಗಿಗೆ" ಅಂದಳು, ಮೊಳೆಯಿಂದ ಕಣ್ಣು ತೆಗೆಯದೆ. "ಒಂದು ಅಂಗಿಗೆ, ಒಂದು ಟವೆಲ್ಲಿಗೆ, ಒಂದು ಟೊಪಗಿಗೆ. ಎರಡು ತಿಂಗಳಾತು ನೋಡಾಕತ್ತೀನಿ, ದಿನಾ ಮುಂಜಾನೆ ಮ್ಯಾಲಿನ ಗೂಟಕ್ಕ ಕೈ ಒಯ್ದು ಮಾರಿ ಹಿಂಡ್ತೀರಿ. ಯಾರಿಗೂ ಹೇಳಂಗಿಲ್ಲ. ಈ ಗ್ವಾಡಿ ಗಟ್ಟಿ ಅದ್ರಿ, ಕಲ್ಲಿಗೆ ಬಗ್ಗಲಿಲ್ಲ. ನಿಮ್ಮ ಸುತಗಿ ತಗೊಂಡೆ."

"ತಗೊ" ಅಂದೆ.

"ತಗೊಂಡೀನಲ್ಲ, ಈಗ ಏನು ಕೊಡೋದು? ಸರೀರಿ, ಬೆಳಕಿಗೆ ಅಡ್ಡ ನಿಂತೀರಿ."

ಸರಿದೆ. ಶೆಡ್ಡಿಗೆ ಹೋದೆ. ಸುತ್ತಿಗೆಯ ಬಿಳಿ ಗೆರೆ ಖಾಲಿ ಇತ್ತು. ಎದೆ ಧಸಕ್ ಅನ್ನಲಿಲ್ಲ. ಅದರ ಮುಂದೆ ಒಂದು ಸ್ಟೂಲು ಹಾಕಿಕೊಂಡು ಕುಳಿತು ಚಹಾ ಕುಡಿದೆ.

ಸಂಜೆ ಸುತ್ತಿಗೆ ವಾಪಸು ಬಂತು. ಪಕ್ಕಡ್‌ನ ಗೆರೆಯಲ್ಲಿ ತೂಗುತ್ತಿದೆ, ಹಿಡಿಕೆ ಮೇಲೆ, ತಲೆ ಕೆಳಗೆ. ಕೈ ತುರಿಸುತ್ತಿದೆ, ನಿಜ. ಆದರೂ ಮುಟ್ಟಿಲ್ಲ. ಇದನ್ನು ಬರೆಯುವಾಗ ನಾನು ಹಾಕಿಕೊಂಡಿರುವ ಅಂಗಿ ಅವಳು ಹೊಡೆದ ವಾಲಿದ ಮೊಳೆಯಿಂದ ತೆಗೆದದ್ದು. ಯಾರನ್ನೂ ಕೂಗದೆ, ಮುಖ ಹಿಂಡದೆ, ನಾನೇ ತೆಗೆದದ್ದು. ಅವಳ ಎತ್ತರ ಅಳೆಯಲು ನನಗೆ ಬೇಕಾದದ್ದು ನಲವತ್ತು ವರ್ಷ ಮತ್ತು ಒಂದು ಕೆಟ್ಟ ಭುಜ. ನನ್ನದನ್ನು ಅಳೆಯಲು ಅವಳಿಗೆ ಬಳಪವೂ ಬೇಕಾಗಲಿಲ್ಲ.

ಪತ್ರಿಕೆ ಮಡಚಿಟ್ಟು ಒಮ್ಮೆ ಎದ್ದು ನೋಡಿ ಬನ್ನಿ: ನಿಮ್ಮ ಮನೆಯ ಸುತ್ತಿಗೆ ಯಾರ ಎತ್ತರಕ್ಕೆ ತೂಗುತ್ತಿದೆ?